ಯುರೋಪಿನ ನಿಕಾಲಿ ಕುಸ್ತಿ: ಚಾಂಪಿಯನ್ಸ್ ಲೀಗ್ ಫೈನಲ್ ಒಂದೇ ರಾತ್ರಿಯಲ್ಲಿ ತೀರ್ಮಾನವಾಗುವುದೇಕೆ?

2025ರ ಮೇ 31, ಶನಿವಾರ. ಜರ್ಮನಿಯ ಮ್ಯೂನಿಕ್‌ನಲ್ಲಿ ರಾತ್ರಿ ಒಂಬತ್ತಾದಾಗ ದಾವಣಗೆರೆಯಲ್ಲಿ ನಡುರಾತ್ರಿ ಹನ್ನೆರಡೂವರೆ. ಮನೆಯವರ ನಿದ್ದೆ ಕೆಡದಂತೆ ಟಿ.ವಿ.ಯ ಧ್ವನಿ ತಗ್ಗಿಸಿ ನಾನೊಬ್ಬನೇ ಪಡಸಾಲೆಯಲ್ಲಿ ಕುಳಿತಿದ್ದೆ. ಸೆಕೆಗೆ ನಿದ್ದೆ ಹತ್ತದ ದೊಡ್ಡಪ್ಪ ಎದ್ದು ಬಂದು ಪಕ್ಕದಲ್ಲಿ ಕುಳಿತರು. ಹತ್ತಿ ಗಿರಣಿಯಲ್ಲಿ ಮೂರು ಪಾಳಿಯಲ್ಲೂ ದುಡಿದ ಅವರಿಗೆ ರಾತ್ರಿ ಎಚ್ಚರವಿರುವುದು ಹೊಸದಲ್ಲ. ಫುಟ್‌ಬಾಲ್ ಅವರ ಆಟವಲ್ಲ, ಅವರದು ಕುಸ್ತಿ.

‘ಇದು ಯಾವ ಸುತ್ತು, ತಮ್ಮಾ?’

‘ಕೊನೆಯದು ದೊಡ್ಡಪ್ಪ, ಫೈನಲ್.’

‘ಹಾಗಾದರೆ ಇನ್ನೊಂದು ಪಂದ್ಯ ಯಾವಾಗ? ಒಬ್ಬರ ಊರಿನಲ್ಲಿ ಒಂದು, ಇನ್ನೊಬ್ಬರ ಊರಿನಲ್ಲಿ ಒಂದು ಆಡುತ್ತಾರೆ ಎಂದು ಮೊನ್ನೆ ನೀನೇ ಹೇಳಿದೆಯಲ್ಲ?’

‘ಇದಕ್ಕೆ ಇನ್ನೊಂದು ಇಲ್ಲ. ಏನಿದ್ದರೂ ಇವತ್ತೇ ತೀರ್ಮಾನ.’

‘ಓ, ನಿಕಾಲಿ ಅನ್ನು’ ಎಂದರು.

ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯ ಕುಸ್ತಿ ನೋಡಿದವರಿಗೆ ಆ ಮಾತಿನ ತೂಕ ಗೊತ್ತು. ಕೆಲವು ಜೋಡಿಗಳನ್ನು ಹೊತ್ತು ಮೀರಿದರೆ ಸಮಬಲವೆಂದು ಬಿಡಿಸಿ ಕಳುಹಿಸುತ್ತಾರೆ. ನಿಕಾಲಿಗೆ ಬಿಟ್ಟ ಜೋಡಿಗೆ ಆ ದಾರಿಯಿಲ್ಲ, ಯಾರಾದರೊಬ್ಬರ ಬೆನ್ನು ಮಣ್ಣಿಗೆ ತಾಗಲೇಬೇಕು. ನಾನು ಹದಿನೈದು ವರ್ಷಗಳಿಂದ ಈ ಫೈನಲ್ ನೋಡುತ್ತ ಬಂದಿದ್ದರೂ ಅದರ ಸ್ವಭಾವವನ್ನು ಇಷ್ಟು ಚಿಕ್ಕದಾಗಿ ಹೇಳಲು ನನಗೆ ಆಗಿರಲಿಲ್ಲ. ವರ್ಷವಿಡೀ ನಡೆಯುವ ಚಾಂಪಿಯನ್ಸ್ ಲೀಗ್‌ನಲ್ಲಿ ಉಳಿದೆಲ್ಲ ಕಡೆ ತಪ್ಪು ತಿದ್ದಿಕೊಳ್ಳಲು ಸ್ವಲ್ಪವಾದರೂ ಜಾಗವಿರುತ್ತದೆ. ಫೈನಲ್‌ನಲ್ಲಿ ಅದು ಇರುವುದಿಲ್ಲ. ಆ ದಿನದ ನಿಯಮಗಳು, ಅಂಗಳದ ಆಯ್ಕೆ, ಆಟಗಾರರ ಅಳುಕು, ಎಲ್ಲವೂ ಇದೊಂದು ಸಂಗತಿಯಿಂದಲೇ ಹುಟ್ಟಿದವು.

ಇಲ್ಲಿ ಆಡುವುದು ದೇಶಗಳಲ್ಲ, ಕ್ಲಬ್‌ಗಳು. ವಿಶ್ವಕಪ್‌ನಲ್ಲಿ ಫ್ರಾನ್ಸ್, ಬ್ರೆಜಿಲ್ ಎಂಬ ಹೆಸರಿದ್ದರೆ ಇಲ್ಲಿ ಊರುಗಳ, ಬಡಾವಣೆಗಳ ಹೆಸರು. ದಾವಣಗೆರೆಯವರಿಗೆ ಇದು ಸುಲಭವಾಗಿ ಅರ್ಥವಾಗಬೇಕು. ಹತ್ತಿ ಗಿರಣಿಗಳ ಕಾಲದಲ್ಲಿ ನಮ್ಮ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದರು. ಆ ಮೂಲ ಮ್ಯಾಂಚೆಸ್ಟರ್‌ನಲ್ಲಿ 1878ರಲ್ಲಿ ರೈಲ್ವೆ ಕೆಲಸಗಾರರು ಬಿಡುವಿನ ಹೊತ್ತಿಗೆಂದು ಕಟ್ಟಿಕೊಂಡ ನ್ಯೂಟನ್ ಹೀತ್ ಎಂಬ ತಂಡವೇ ಮುಂದೆ ಮ್ಯಾಂಚೆಸ್ಟರ್ ಯುನೈಟೆಡ್ ಆಯಿತು. 1968, 1999 ಮತ್ತು 2008ರಲ್ಲಿ ಅದು ಯುರೋಪಿನ ಕಪ್ ಗೆದ್ದಿತು. ಅದೇ ಊರಿನ ಇನ್ನೊಂದು ಕ್ಲಬ್ ಮ್ಯಾಂಚೆಸ್ಟರ್ ಸಿಟಿ 2023ರಲ್ಲಿ ಗೆದ್ದಿತು. ಇದನ್ನು ಹೇಳಿದಾಗ ದೊಡ್ಡಪ್ಪ ಕುರ್ಚಿಯಲ್ಲಿ ನೆಟ್ಟಗೆ ಕುಳಿತರು. ಪಾಳಿ ಮುಗಿಸಿ ಬಂದವರು ಕಟ್ಟಿದ ತಂಡ ಎಂಬುದು ಅವರಿಗೆ ಹತ್ತಿರದ ಮಾತಾಗಿತ್ತು.

ಈ ಸ್ಪರ್ಧೆಯ ಕಲ್ಪನೆ ಫ್ರಾನ್ಸಿನ ‘ಲೆಕಿಪ್’ ಕ್ರೀಡಾ ಪತ್ರಿಕೆಯದು, ಮುಖ್ಯವಾಗಿ ಅದರ ಗೇಬ್ರಿಯಲ್ ಹಾನೋ ಅವರದು. ಯುರೋಪಿನಲ್ಲಿ ಅತ್ಯುತ್ತಮ ಕ್ಲಬ್ ಯಾವುದು ಎಂಬ ವಾದವನ್ನು ಬರಹದಲ್ಲಿ ಬಗೆಹರಿಸಲು ಆಗದು, ಅಂಗಳದಲ್ಲೇ ಆಡಿಸಿ ನೋಡಬೇಕು ಎಂಬುದು ಅದರ ತಿರುಳು. 1955ರಲ್ಲಿ 16 ಕ್ಲಬ್‌ಗಳೊಂದಿಗೆ ಶುರುವಾಯಿತು. 1956ರ ಜೂನ್ 13ರಂದು ಪ್ಯಾರಿಸ್‌ನಲ್ಲಿ ನಡೆದ ಮೊದಲ ಫೈನಲ್‌ನಲ್ಲಿ ಸ್ಪೇನಿನ ರಿಯಲ್ ಮ್ಯಾಡ್ರಿಡ್ ಫ್ರಾನ್ಸಿನ ರೀಮ್ಸ್ ತಂಡವನ್ನು 4-3ರಿಂದ ಮಣಿಸಿತು. ಮೊದಲ ಐದು ಕಪ್‌ಗಳೂ ರಿಯಲ್ ಮ್ಯಾಡ್ರಿಡ್ ಪಾಲಾದವು. 2024ರ ಹೊತ್ತಿಗೆ ಆ ಲೆಕ್ಕ 15ಕ್ಕೆ ಏರಿತ್ತು.

ಚಾಂಪಿಯನ್ಸ್ ಲೀಗ್ ಎಂಬ ಹೆಸರು ಬಂದದ್ದು 1992ರಲ್ಲಿ. ಈ ಹೆಸರು ಕೇಳಿ ಹಲವರು ಮೋಸಹೋಗುತ್ತಾರೆ. ಮೊದಲೆಲ್ಲ ತನ್ನ ದೇಶದ ಲೀಗ್ ಗೆದ್ದ ಕ್ಲಬ್‌ಗೆ ಮತ್ತು ಹಿಂದಿನ ವರ್ಷ ಈ ಕಪ್ ಗೆದ್ದ ಕ್ಲಬ್‌ಗೆ ಮಾತ್ರ ಪ್ರವೇಶವಿತ್ತು. 1997-98ರಿಂದ ದೊಡ್ಡ ಫುಟ್‌ಬಾಲ್ ದೇಶಗಳ ಎರಡನೇ ಸ್ಥಾನದವರಿಗೂ ಬಾಗಿಲು ತೆರೆಯಿತು, ಬಳಿಕ ಮೂರು, ನಾಲ್ಕನೆಯವರಿಗೂ ತೆರೆಯಿತು. 1999ರಲ್ಲಿ ಕಪ್ ಎತ್ತಿದ ಮ್ಯಾಂಚೆಸ್ಟರ್ ಯುನೈಟೆಡ್ ಒಳಬಂದದ್ದೇ ಇಂಗ್ಲೆಂಡಿನ ಎರಡನೇ ಸ್ಥಾನದ ತಂಡವಾಗಿ. ಒಂದೇ ದೇಶದ ಎರಡು ಕ್ಲಬ್‌ಗಳು ಫೈನಲ್‌ನಲ್ಲಿ ಎದುರಾಗುವುದು ಇದರಿಂದಲೇ. 2014 ಮತ್ತು 2016ರಲ್ಲಂತೂ ಎದುರಾದವರು ಒಂದೇ ಊರಿನವರು, ಮ್ಯಾಡ್ರಿಡ್‌ನ ರಿಯಲ್ ಮತ್ತು ಅಟ್ಲೆಟಿಕೊ.

2024-25ರಿಂದ ಸ್ಪರ್ಧೆಯ ಮೊದಲ ಹಂತ ಬದಲಾಗಿದೆ. ಹಿಂದೆ 32 ತಂಡಗಳನ್ನು ನಾಲ್ಕು ನಾಲ್ಕರ ಎಂಟು ಗುಂಪು ಮಾಡುತ್ತಿದ್ದರು. ಈಗ 36 ತಂಡಗಳಿಗೆ ಒಂದೇ ಅಂಕಪಟ್ಟಿ. ಎಲ್ಲರೂ ಎಲ್ಲರೊಂದಿಗೆ ಆಡುವುದಿಲ್ಲ. ಪ್ರತಿ ತಂಡಕ್ಕೂ ಎಂಟು ಬೇರೆ ಬೇರೆ ಎದುರಾಳಿಗಳು, ನಾಲ್ಕು ಪಂದ್ಯ ತನ್ನ ಊರಿನಲ್ಲಿ, ನಾಲ್ಕು ಹೊರಗೆ. ಕೊನೆಯಲ್ಲಿ ಪಟ್ಟಿಯ ಮೊದಲ ಎಂಟು ತಂಡಗಳು ನೇರವಾಗಿ 16ರ ಘಟ್ಟಕ್ಕೆ ಹೋಗುತ್ತವೆ. ಒಂಬತ್ತರಿಂದ ಇಪ್ಪತ್ನಾಲ್ಕರವರೆಗಿನವರು ಪ್ಲೇಆಫ್ ಆಡಿ ಉಳಿದ ಎಂಟು ಜಾಗ ತುಂಬಬೇಕು. ಇಪ್ಪತ್ತೈದರಿಂದ ಕೆಳಗಿನವರ ಆಟ ಅಲ್ಲಿಗೆ ಮುಗಿಯಿತು.

ಆ ರಾತ್ರಿಯ ಫೈನಲ್‌ನಲ್ಲಿ ಇಟಲಿಯ ಇಂಟರ್ ಮಿಲಾನ್ ಎದುರು ಆಡುತ್ತಿದ್ದ ಫ್ರಾನ್ಸಿನ ಪ್ಯಾರಿಸ್ ಸೇಂಟ್ ಜರ್ಮೈನ್, ಅಂದರೆ ಪಿಎಸ್‌ಜಿ, ಈ ಹಂತದಲ್ಲಿ ಬಂದು ನಿಂತಿದ್ದು 15ನೇ ಸ್ಥಾನದಲ್ಲಿ! ಪಟ್ಟಿಯ ತಲೆಯಲ್ಲಿದ್ದದ್ದು ಇಂಗ್ಲೆಂಡಿನ ಲಿವರ್‌ಪೂಲ್. ಪ್ಲೇಆಫ್ ದಾಟಿದ ಪಿಎಸ್‌ಜಿಗೆ 16ರ ಘಟ್ಟದಲ್ಲಿ ಎದುರಾದದ್ದೂ ಅದೇ ಲಿವರ್‌ಪೂಲ್. ಪ್ಯಾರಿಸ್‌ನಲ್ಲಿ ಲಿವರ್‌ಪೂಲ್ 1-0ರಿಂದ ಗೆದ್ದಿತು. ಒಂದೇ ಪಂದ್ಯದ ಲೆಕ್ಕವಾಗಿದ್ದರೆ ಪಿಎಸ್‌ಜಿಯ ಕಥೆ ಮಾರ್ಚ್ ತಿಂಗಳಿನಲ್ಲೇ ಮುಗಿಯುತ್ತಿತ್ತು. ಆದರೆ ವಾರದ ಬಳಿಕ ಅದು ಲಿವರ್‌ಪೂಲ್‌ಗೆ ಹೋಗಿ 1-0ರಿಂದ ಗೆದ್ದು ಒಟ್ಟು ಲೆಕ್ಕ ಸಮ ಮಾಡಿ, ಪೆನಾಲ್ಟಿ ಒದೆತಗಳಲ್ಲಿ ದಾಟಿಕೊಂಡಿತು. ತಪ್ಪು ತಿದ್ದಿಕೊಳ್ಳಲು ಜಾಗವಿರುತ್ತದೆ ಎಂದೆನಲ್ಲ, ಅದು ಇದೇ.

ಪ್ಲೇಆಫ್‌ನಿಂದ ಸೆಮಿಫೈನಲ್‌ವರೆಗೆ ಪ್ರತಿ ಜೋಡಿಯೂ ಎರಡು ಪಂದ್ಯ ಆಡುತ್ತದೆ, ಎರಡರ ಗೋಲುಗಳನ್ನೂ ಕೂಡಿಸುತ್ತಾರೆ. ದೊಡ್ಡಪ್ಪನಿಗೆ ಇದನ್ನು ನಮ್ಮ ಊರುಗಳನ್ನೇ ಇಟ್ಟು ಹೇಳಿದೆ. ದಾವಣಗೆರೆಗೂ ಚಿತ್ರದುರ್ಗಕ್ಕೂ ಜೋಡಿ ಬಿತ್ತು ಎನ್ನಿ. ನಮ್ಮ ಹೈಸ್ಕೂಲ್ ಮೈದಾನದಲ್ಲಿ ನಾವು 2-1ರಿಂದ ಗೆದ್ದೆವು. ಮುಂದಿನ ವಾರ ದುರ್ಗಕ್ಕೆ ಹೋದಾಗ ಅವರು 1-0ರಿಂದ ಗೆದ್ದರು. ಕೂಡಿಸಿದರೆ 2-2, ಸಮ. ಹಳೆಯ ನಿಯಮದಲ್ಲಿ ಇಂಥ ಹೊತ್ತಿನಲ್ಲಿ ಪರಸ್ಥಳದ ಗೋಲು ಎಣಿಸುತ್ತಿದ್ದರು. ದುರ್ಗದವರು ನಮ್ಮ ಊರಿಗೆ ಬಂದು ಒಂದು ಗೋಲು ಹೊಡೆದಿದ್ದಾರೆ, ನಾವು ಅವರ ಊರಿನಲ್ಲಿ ಒಂದೂ ಹೊಡೆದಿಲ್ಲ. ಆದ್ದರಿಂದ ದುರ್ಗ ಮುಂದಕ್ಕೆ, ನಾವು ಮನೆಗೆ.

ಹೊರಗೆ ಹೋದ ತಂಡ ಗೋಲಿನ ಮುಂದೆ ಗೋಡೆ ಕಟ್ಟಿ ಕೂರದೆ ಧೈರ್ಯವಾಗಿ ಆಡಲಿ ಎಂದು 1960ರ ದಶಕದಲ್ಲಿ ತಂದ ನಿಯಮವದು. ಆದರೆ ಕಾಲ ಸರಿದಂತೆ ಅದು ತಿರುಗುಬಾಣವಾಯಿತು. ತವರಿನಲ್ಲಿ ಆಡುವವರೇ, ‘ಒಂದು ಗೋಲು ಬಿಟ್ಟುಕೊಟ್ಟರೆ ಎರಡರಷ್ಟು ನಷ್ಟ’ ಎಂದು ಅಂಜಿ ಆಡತೊಡಗಿದರು. 2021-22ರಿಂದ ಯುರೋಪಿನಲ್ಲಿ ಅದನ್ನು ಕೈಬಿಟ್ಟರು. ನನಗಂತೂ ಅದು ಹೋದದ್ದು ಸರಿ ಎನಿಸಿದೆ. ಗೋಲು ಎಲ್ಲಿ ಹೊಡೆದರೂ ಗೋಲೇ. ಈಗ 2-2 ಆದರೆ ಎರಡನೇ ಪಂದ್ಯದ ಕೊನೆಗೆ 30 ನಿಮಿಷ ಹೆಚ್ಚುವರಿ ಆಟ, ಆಗಲೂ ಸಮವಾದರೆ ಪೆನಾಲ್ಟಿ.

‘ಎರಡೂ ಊರಿನವರಿಗೆ ನ್ಯಾಯ ಸಿಗುವ ಪದ್ಧತಿ ಇದು. ಮತ್ತೆ ಫೈನಲ್‌ಗೆ ಮಾತ್ರ ಇದನ್ನು ಯಾಕೆ ಬಿಟ್ಟರು?’ ದೊಡ್ಡಪ್ಪನ ಈ ಪ್ರಶ್ನೆಯೇ ಎಲ್ಲಕ್ಕಿಂತ ತೊಡಕಿನದು.

ಒಂದು ಉತ್ತರ, ಕೊನೆಯ ತೀರ್ಮಾನ ಯಾರ ಅಂಗಳದಲ್ಲೂ ಆಗಬಾರದು ಎಂಬುದು. ಎರಡು ಪಂದ್ಯವಾದರೆ ಎರಡನೆಯದು ಯಾರದೋ ತವರಿನಲ್ಲಿ ನಡೆಯುತ್ತದೆ, ಅರವತ್ತು ಎಪ್ಪತ್ತು ಸಾವಿರ ಕಂಠಗಳು ಒಂದೇ ಕಡೆಯಿರುತ್ತವೆ. ಇನ್ನೊಂದು ಉತ್ತರ ಸಂಭ್ರಮದ್ದು, ವ್ಯಾಪಾರದ್ದು. ಒಂದು ದಿನ, ಒಂದು ಊರು, ಇಡೀ ಖಂಡದ ಕಣ್ಣು ಅಲ್ಲಿ. ಯುರೋಪಿನಲ್ಲಿ ಇದು ಮೊದಲ ವರ್ಷದಿಂದಲೇ ಹೀಗೆ. ದಕ್ಷಿಣ ಅಮೆರಿಕದ ಇಂಥದೇ ಕ್ಲಬ್ ಸ್ಪರ್ಧೆಯಾದ ಕೋಪಾ ಲಿಬರ್ಟಡೋರೆಸ್ ಬಹುಕಾಲ ಫೈನಲ್‌ನಲ್ಲೂ ತವರು-ಹೊರಗು ಪದ್ಧತಿಯನ್ನೇ ಉಳಿಸಿಕೊಂಡಿತ್ತು. 2018ರಲ್ಲಿ ಬ್ಯೂನಸ್ ಐರಿಸ್‌ನ ಬದ್ಧವೈರಿಗಳಾದ ಬೊಕಾ ಜೂನಿಯರ್ಸ್ ಮತ್ತು ರಿವರ್ ಪ್ಲೇಟ್ ಫೈನಲ್ ತಲುಪಿದವು. ಎರಡನೇ ಪಂದ್ಯಕ್ಕೆ ಹೊರಟಿದ್ದ ಬೊಕಾ ತಂಡದ ಬಸ್ಸಿನ ಮೇಲೆ ದಾಳಿಯಾಯಿತು. ಕೊನೆಗೆ ಆ ಪಂದ್ಯವನ್ನು ಸಾಗರ ದಾಟಿಸಿ ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ಆಡಿಸಬೇಕಾಯಿತು. ಫೈನಲ್ ಒಂದೇ ಪಂದ್ಯವಾಗಬೇಕೆಂಬ ತೀರ್ಮಾನ ಅಲ್ಲಿ ಮೊದಲೇ ಆಗಿತ್ತು, 2019ರಲ್ಲಿ ಅದು ಜಾರಿಗೆ ಬಂತು. ಆಫ್ರಿಕಾ ಖಂಡದ ಚಾಂಪಿಯನ್ಸ್ ಲೀಗ್‌ನದು ಇದಕ್ಕೆ ತಿರುಗಾಮುರುಗಾ ದಾರಿ. 2020ರಿಂದ 2022ರವರೆಗೆ ಒಂದೇ ಪಂದ್ಯ ಆಡಿಸಿ ನೋಡಿದರು. 2022ರ ಫೈನಲ್ ಮೊರಾಕ್ಕೊದ ಕಾಸಾಬ್ಲಾಂಕಾದಲ್ಲಿ, ಅಂದರೆ ಫೈನಲ್ ತಲುಪಿದ್ದ ವೈದಾದ್ ತಂಡದ ಸ್ವಂತ ಅಂಗಳದಲ್ಲೇ ಬಿತ್ತು. ಈಜಿಪ್ಟಿನ ಅಲ್ ಅಹ್ಲಿ ಪ್ರತಿಭಟಿಸಿತು, ವೈದಾದ್ ಗೆದ್ದಿತು, ಮರುವರ್ಷ ಅವರು ಎರಡು ಪಂದ್ಯಗಳಿಗೇ ಮರಳಿದರು.

ತಟಸ್ಥ ಅಂಗಳ ಎಂಬುದು ಹೇಳಿದಷ್ಟು ಸುಲಭವಲ್ಲ. ದಾವಣಗೆರೆಗೂ ದುರ್ಗಕ್ಕೂ ನಡುವೆ ಹೆದ್ದಾರಿಯಲ್ಲಿ ಸಿಗುವ ಭರಮಸಾಗರದಲ್ಲಿ ಆಡಿಸೋಣ ಎಂದರೆ, ಅದು ಚಿತ್ರದುರ್ಗ ತಾಲ್ಲೂಕಿನ ಊರು ಎಂದು ನಮ್ಮವರು ತಕರಾರು ತೆಗೆಯುವುದಿಲ್ಲವೇ? ಯುರೋಪಿನಲ್ಲಿ ಅಂಗಳವನ್ನು ಬಹಳ ಮೊದಲೇ, ಯಾರು ಫೈನಲ್‌ಗೆ ಬರುತ್ತಾರೆ ಎಂದು ಯಾರಿಗೂ ಗೊತ್ತಿಲ್ಲದಾಗಲೇ ಗೊತ್ತುಮಾಡುತ್ತಾರೆ. ಇದರಿಂದ ಪಕ್ಷಪಾತದ ಮಾತು ಬರುವುದಿಲ್ಲ. ಆದರೆ ಆ ಊರಿನ ತಂಡವೇ ಫೈನಲ್ ತಲುಪಿದರೆ ಬದಲಿಸುವಂತೆಯೂ ಇಲ್ಲ. 1957ರಲ್ಲಿ ರಿಯಲ್ ಮ್ಯಾಡ್ರಿಡ್, 1965ರಲ್ಲಿ ಇಂಟರ್ ಮಿಲಾನ್ ಹೀಗೆ ತಮ್ಮ ಅಂಗಳದಲ್ಲೇ ಕಪ್ ಎತ್ತಿದವು. 1984ರಲ್ಲಿ ರೋಮ್‌ನ ರೋಮಾ ತಂಡಕ್ಕೂ ಆ ಅವಕಾಶ ಬಂದಿತ್ತು, ಪೆನಾಲ್ಟಿಯಲ್ಲಿ ಲಿವರ್‌ಪೂಲ್ ಗೆದ್ದಿತು.

ಅದೆಲ್ಲಕ್ಕಿಂತ ನನ್ನ ಎದೆಯಲ್ಲಿ ಉಳಿದಿರುವುದು 2012. ಮ್ಯೂನಿಕ್‌ನಲ್ಲಿ ಫೈನಲ್, ಫೈನಲ್‌ನಲ್ಲಿ ಮ್ಯೂನಿಕ್‌ನದೇ ಬಯರ್ನ್. 83ನೇ ನಿಮಿಷದಲ್ಲಿ ಥಾಮಸ್ ಮುಲ್ಲರ್ ಗೋಲು ಹೊಡೆದಾಗ ಊರಿಗೆ ಊರೇ ಕಪ್ ತನ್ನದೆಂದು ಕುಣಿಯಿತು. ಐದು ನಿಮಿಷವಷ್ಟೇ. 88ರಲ್ಲಿ ಎದುರಾಳಿ ತಂಡವಾದ ಲಂಡನ್ನಿನ ಚೆಲ್ಸಿಯ ದಿದಿಯೆ ದ್ರೋಗ್ಬಾ ತಲೆಯಿಂದ ಹೊಡೆದು ಸಮ ಮಾಡಿದರು. ಹೆಚ್ಚುವರಿ ಅವಧಿಯಲ್ಲಿ ಬಯರ್ನ್‌ಗೆ ಪೆನಾಲ್ಟಿ ಸಿಕ್ಕಿತು, ಅರ್ಯೆನ್ ರಾಬೆನ್ ಒದ್ದ ಚೆಂಡನ್ನು ಗೋಲ್‌ಕೀಪರ್ ಪೀಟರ್ ಚೆಕ್ ಹಿಡಿದರು. ಕೊನೆಗೆ ಶೂಟೌಟ್‌ನ ಗೆಲುವಿನ ಒದೆತವೂ ದ್ರೋಗ್ಬಾ ಅವರದೇ. ಎರಡು ಪಂದ್ಯದ ಲೆಕ್ಕವಿದ್ದಿದ್ದರೆ ಬಯರ್ನ್ ಲಂಡನ್ನಿಗೆ ಹೋಗಿ ಸೇಡು ತೀರಿಸಿಕೊಳ್ಳಬಹುದಿತ್ತು. ನಿಕಾಲಿಯಲ್ಲಿ ಅದೆಲ್ಲಿ?

ಕರ್ನಾಟಕಕ್ಕೂ ಇಂಥದೊಂದು ರಾತ್ರಿಯ ನೆನಪಿದೆ. 2016ರಲ್ಲಿ ಬೆಂಗಳೂರು ಎಫ್‌ಸಿ ಏಷ್ಯಾದ ಎರಡನೇ ದರ್ಜೆಯ ಖಂಡಮಟ್ಟದ ಸ್ಪರ್ಧೆಯಾದ ಎಎಫ್‌ಸಿ ಕಪ್‌ನ ಫೈನಲ್ ತಲುಪಿತು. ಅಲ್ಲಿಯವರೆಗೆ ಭಾರತದ ಯಾವ ಕ್ಲಬ್ಬೂ ಅಷ್ಟು ದೂರ ಹೋಗಿರಲಿಲ್ಲ. ಸೆಮಿಫೈನಲ್‌ನಲ್ಲಿ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೋರ್ ತಂಡದೊಂದಿಗೆ ಅಲ್ಲಿ 1-1, ಇಲ್ಲಿ ಕಂಠೀರವದಲ್ಲಿ 3-1. ಕಂಠೀರವದ ಆ ರಾತ್ರಿ ಸುನಿಲ್ ಛೆಟ್ರಿ ಎರಡು ಗೋಲು ಹೊಡೆದರು. ಫೈನಲ್‌ನಲ್ಲಿ ಎದುರಾದದ್ದು ಇರಾಕಿನ ವಾಯುಪಡೆಯ ಕ್ಲಬ್. ಭದ್ರತೆಯ ಕಾರಣದಿಂದ ಇರಾಕಿನ ಕ್ಲಬ್‌ಗಳು ತಮ್ಮ ನೆಲದಲ್ಲಿ ಇಂಥ ಪಂದ್ಯ ಆಡಿಸುವಂತಿರಲಿಲ್ಲ. ಹಾಗಾಗಿ ನವೆಂಬರ್ 5ರಂದು ಕತಾರಿನ ದೋಹಾದಲ್ಲಿ ಪಂದ್ಯ ನಡೆಯಿತು. ನಮ್ಮ ಗೋಲ್‌ಕೀಪರ್ ಅಮರಿಂದರ್ ಸಿಂಗ್ ಕಾರ್ಡುಗಳ ಕಾರಣಕ್ಕೆ ಆ ಪಂದ್ಯದಿಂದ ಹೊರಗುಳಿಯಬೇಕಾಯಿತು. 71ನೇ ನಿಮಿಷದಲ್ಲಿ ಹಮ್ಮಾದಿ ಅಹ್ಮದ್ ಹೊಡೆದ ಒಂದೇ ಗೋಲು, 0-1. ಕಂಠೀರವದಲ್ಲಿ ಇನ್ನೊಂದು ಪಂದ್ಯ ಇದ್ದಿದ್ದರೆ ಎಂದು ಇಂದಿಗೂ ಅಂದುಕೊಳ್ಳುತ್ತೇನೆ.

ಕಾರ್ಡಿನ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ತಪ್ಪಾಟಕ್ಕೆ ರೆಫರಿ ಎಚ್ಚರಿಕೆಯಾಗಿ ತೋರಿಸುವ ಹಳದಿ ಕಾರ್ಡುಗಳು ಬೇರೆ ಬೇರೆ ಪಂದ್ಯಗಳಲ್ಲಿ ಒಟ್ಟುಗೂಡಿದರೆ ಆಟಗಾರ ಒಂದು ಪಂದ್ಯ ಹೊರಗಿರಬೇಕು. 1999ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ರಾಯ್ ಕೀನ್ ಮತ್ತು ಪಾಲ್ ಸ್ಕೋಲ್ಸ್ ಹೀಗೆಯೇ ಫೈನಲ್ ಕಳೆದುಕೊಂಡರು. ಈಗ ಚಾಂಪಿಯನ್ಸ್ ಲೀಗ್‌ನಲ್ಲಿ ಕ್ವಾರ್ಟರ್‌ಫೈನಲ್ ಮುಗಿದ ಕೂಡಲೇ ಹಳದಿ ಕಾರ್ಡುಗಳ ಲೆಕ್ಕ ಅಳಿಸಿಹಾಕುತ್ತಾರೆ. ಅಂಗಳದಿಂದಲೇ ಹೊರಹಾಕುವ ಕೆಂಪು ಕಾರ್ಡು ಸೆಮಿಫೈನಲ್‌ನಲ್ಲಿ ಬಿದ್ದರೆ ಮಾತ್ರ ಮಾಫಿಯಿಲ್ಲ.

ಇನ್ನು ಸಮವಾದರೆ ಏನು ಎಂಬ ವಿಚಾರ. ಪೆನಾಲ್ಟಿ ಶೂಟೌಟ್ ಬರುವ ಮೊದಲು ಸಮವಾದ ಫೈನಲ್ ಅನ್ನು ಮತ್ತೊಮ್ಮೆ ಆಡಿಸುವುದೇ ಪದ್ಧತಿ. ಅದು ನಡೆದದ್ದು ಒಂದೇ ಸಲ, 1974ರಲ್ಲಿ, ಬ್ರಸೆಲ್ಸ್‌ನಲ್ಲಿ. ಅಟ್ಲೆಟಿಕೊ ಮ್ಯಾಡ್ರಿಡ್ 114ನೇ ನಿಮಿಷದಲ್ಲಿ ಗೋಲು ಹೊಡೆದು ಕಪ್ಪಿಗೆ ಕೈಚಾಚಿತ್ತು. ಹೆಚ್ಚುವರಿ ಅವಧಿಯ ಕಟ್ಟಕಡೆಯ ಗಳಿಗೆಯಲ್ಲಿ ಬಯರ್ನ್‌ನ ರಕ್ಷಣಾ ಆಟಗಾರ ಶ್ವಾರ್ಜೆನ್‌ಬೆಕ್ ದೂರದಿಂದ ಒದ್ದ ಚೆಂಡು ಬಲೆ ಸೇರಿತು. ಎರಡು ದಿನ ಬಿಟ್ಟು ಮತ್ತೆ ಆಡಿದಾಗ ಬಯರ್ನ್‌ಗೆ 4-0 ಗೆಲುವು. ಅಟ್ಲೆಟಿಕೊ 2014ರಲ್ಲೂ 93ನೇ ನಿಮಿಷದವರೆಗೆ ಮುಂದಿತ್ತು. ಆಗ ರಿಯಲ್‌ನ ಸೆರ್ಗಿಯೊ ರಾಮೋಸ್ ಸಮ ಮಾಡಿದರು, ಹೆಚ್ಚುವರಿ ಅವಧಿಯ ಕೊನೆಗೆ ಅಂಕ 4-1. ಎರಡೆರಡು ಸಲ ಕಪ್ಪಿನ ಅಂಚು ಮುಟ್ಟಿ ಬಂದ ಆ ಕ್ಲಬ್ಬಿನ ಮೇಲೆ ನನಗೆ ಅಕ್ಕರೆ ಹೆಚ್ಚು.

ಈಗಿನ ಕ್ರಮ ಹೀಗಿದೆ. 90 ನಿಮಿಷ, ಸಮವಾದರೆ ಹದಿನೈದರ ಎರಡು ಭಾಗಗಳಾಗಿ 30 ನಿಮಿಷ. ಮಾಮೂಲಿ ಅವಧಿಯಲ್ಲಿ ಐವರು ಬದಲಿ ಆಟಗಾರರನ್ನು ಇಳಿಸಬಹುದು, ಹೆಚ್ಚುವರಿ ಅವಧಿಗೆ ಹೋದರೆ ಇನ್ನೊಬ್ಬರನ್ನು. ಆಗಲೂ ಸಮವಾದರೆ ಶೂಟೌಟ್. ಯಾವ ತುದಿಯ ಗೋಲಿಗೆ ಒದೆಯಬೇಕು, ಯಾರು ಮೊದಲು ಒದೆಯಬೇಕು ಎಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸುತ್ತಾರೆ. ಗೋಲಿನಿಂದ 11 ಮೀಟರ್ ದೂರದಲ್ಲಿ ಚೆಂಡು, ತಂಡಕ್ಕೆ ಐದೈದು ಒದೆತ. ಐದಾದರೂ ಸಮವೆಂದರೆ ಒಂದೊಂದೇ ಜೋಡಿ ಒದೆತ, ಒಬ್ಬರು ಹಾಕಿ ಇನ್ನೊಬ್ಬರು ತಪ್ಪಿಸುವವರೆಗೆ. ಚೆಂಡಿಗೆ ಕಾಲು ತಾಗುವ ಗಳಿಗೆಯಲ್ಲಿ ಗೋಲ್‌ಕೀಪರ್‌ನ ಒಂದು ಪಾದದ ಅಂಶವಾದರೂ ಗೋಲು ಗೆರೆಯ ಮೇಲೋ ನೇರಕ್ಕೋ ಹಿಂದೋ ಇರಬೇಕು.

1984ರಿಂದ 2016ರವರೆಗೆ 11 ಫೈನಲ್‌ಗಳು ಹೀಗೆ ತೀರ್ಮಾನವಾದವು. 1986ರಲ್ಲಿ ಸೆವಿಲ್ಲೆಯಲ್ಲಿ ರೊಮೇನಿಯದ ಸ್ಟೆವಾ ಬುಕಾರೆಸ್ಟ್ ತಂಡದ ಗೋಲ್‌ಕೀಪರ್ ಹೆಲ್ಮುತ್ ದುಕದಾಮ್ ಬಾರ್ಸಿಲೋನಾದ ನಾಲ್ಕೂ ಒದೆತಗಳನ್ನು ತಡೆದರು. 2005ರಲ್ಲಿ ಇಸ್ತಾಂಬುಲ್‌ನಲ್ಲಿ ಅರ್ಧ ಆಟ ಮುಗಿದಾಗ ಎಸಿ ಮಿಲಾನ್ 3, ಲಿವರ್‌ಪೂಲ್ 0. 54ರಿಂದ 60ನೇ ನಿಮಿಷದೊಳಗೆ ಲಿವರ್‌ಪೂಲ್ ಮೂರನ್ನೂ ತೀರಿಸಿ, ಪೆನಾಲ್ಟಿಯಲ್ಲಿ ಕಪ್ ಒಯ್ದಿತು. ಶೂಟೌಟ್ ಬರೀ ಅದೃಷ್ಟದ ಆಟ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. 120 ನಿಮಿಷ ಓಡಿದ ಕಾಲಿನಿಂದ, ಅಂಗಳದ ನಡುವಿನಿಂದ ಒಬ್ಬನೇ ನಡೆದು ಬಂದು ಒದೆಯುವುದಕ್ಕೂ ಕಸುವು ಬೇಕು.

ಹಿಂದಕ್ಕೆ ಬರಲು ದಾರಿಯಿಲ್ಲ ಎಂಬ ಅರಿವು ಆಟವನ್ನೇ ಬಿಗಿಗೊಳಿಸುತ್ತದೆ. 2020, 2021, 2022, 2023, ಸಾಲಾಗಿ ನಾಲ್ಕು ಫೈನಲ್‌ಗಳ ಅಂಕ 1-0. ಸೆಮಿಫೈನಲ್‌ನಲ್ಲಿ ಗೋಲುಗಳ ಮಳೆ ಸುರಿಸಿದ ತಂಡಗಳೇ ಫೈನಲ್‌ನಲ್ಲಿ ಚೆಂಡನ್ನು ಹಿಂದಕ್ಕೆ, ಅಡ್ಡಕ್ಕೆ ದಾಟಿಸುತ್ತ ಕಾಲ ತಳ್ಳುತ್ತವೆ. ಹೊಸದಾಗಿ ನೋಡುವವರಿಗೆ ಇದು ಬೇಸರ ತರಬಹುದು. ದೊಡ್ಡಪ್ಪನಿಗೆ ಮಾತ್ರ ಬೇಸರವಾಗಲಿಲ್ಲ. ‘ನಿಕಾಲಿಯಲ್ಲೂ ಹಾಗೇ. ಕೈ ಕೈ ಹಿಡಿದು ಅರ್ಧ ತಾಸು ನಿಂತೇ ಇರುತ್ತಾರೆ. ಮೊದಲು ಕೈ ಹಾಕಿದವನು ತಪ್ಪಿದರೆ ಮುಗಿಯಿತು’ ಎಂದರು.

ಆದರೆ ಆ ರಾತ್ರಿ ಹಾಗೆ ನಡೆಯಲಿಲ್ಲ. 12ನೇ ನಿಮಿಷದಲ್ಲಿ ಪಿಎಸ್‌ಜಿಯ ಅಶ್ರಫ್ ಹಕಿಮಿ ಮೊದಲ ಗೋಲು ಹೊಡೆದು, ತಾವು ಹಿಂದೆ ಆಡಿದ್ದ ಇಂಟರ್ ಕ್ಲಬ್ಬಿನ ಅಭಿಮಾನಿಗಳತ್ತ ಸಂಭ್ರಮಿಸದೆ ಕೈಯೆತ್ತಿದರು. 20ರಲ್ಲಿ ಹತ್ತೊಂಬತ್ತರ ಹುಡುಗ ಡೂಯೆ ಎರಡನೆಯದು ಹೊಡೆದರು. ಎರಡು ಗೋಲು ಹಿಂದೆ ಬಿದ್ದ ಇಂಟರ್ ತನ್ನ ಕೋಟೆ ಬಿಟ್ಟು ಹೊರಬರಲೇಬೇಕಾಯಿತು, ಅದು ಬಿಟ್ಟ ಬಯಲಿನಲ್ಲಿ ಪಿಎಸ್‌ಜಿಯ ಎಳೆಯ ಕಾಲುಗಳು ಓಡಿದವು. ಡೂಯೆ ಮತ್ತೊಂದು, ಕ್ವಾರಾಟ್ಸ್‌ಖೇಲಿಯಾ ಒಂದು, ಬದಲಿಯಾಗಿ ಬಂದ ಮಯುಲು ಒಂದು. 5-0. ಈ ಫೈನಲ್‌ನ ಚರಿತ್ರೆಯಲ್ಲಿ ಅಷ್ಟು ದೊಡ್ಡ ಅಂತರ ಹಿಂದೆಂದೂ ಇರಲಿಲ್ಲ. ಸೆಮಿಫೈನಲ್‌ನಲ್ಲಿ ಬಾರ್ಸಿಲೋನಾದ ಎದುರು ಎರಡು ಪಂದ್ಯಗಳಲ್ಲಿ ಏಳು ಗೋಲು ಹೊಡೆದು 7-6ರಿಂದ ದಾಟಿ ಬಂದಿದ್ದ ಇಂಟರ್ ಇದೇನಾ ಎನಿಸಿತು. ಅಲ್ಲಿ ಅದಕ್ಕೆ ಮೊದಲ ಪಂದ್ಯ 3-3 ಆದಾಗ ಚೇತರಿಸಿಕೊಳ್ಳಲು ಆರು ದಿನ ಸಿಕ್ಕಿದ್ದವು. ಇಲ್ಲಿ ಸಿಕ್ಕಿದ್ದು ಹದಿನೈದು ನಿಮಿಷದ ವಿರಾಮ.

ಹಣದ ಲೆಕ್ಕ ಕೇಳುವವರಿಗಾಗಿ: ಆ ವರ್ಷ ಫೈನಲ್ ತಲುಪಿದ ತಂಡಕ್ಕೆ 1.85 ಕೋಟಿ ಯೂರೊ, ಗೆದ್ದವರಿಗೆ ಇನ್ನೂ 65 ಲಕ್ಷ ಯೂರೊ. ಜೊತೆಗೆ ಮುಂದಿನ ವರ್ಷದ ಚಾಂಪಿಯನ್ಸ್ ಲೀಗ್‌ಗೆ ನೇರ ಪ್ರವೇಶ.

ಪಂದ್ಯ ಮುಗಿದಾಗ ಎರಡೂವರೆಯ ಹತ್ತಿರ. ಬೆಳ್ಳಿಯ ಪದಕ ಕೊರಳಿಗೆ ಹಾಕಿಸಿಕೊಂಡ ಇಂಟರ್ ಆಟಗಾರರು ಕಪ್ಪಿನ ಪಕ್ಕದಲ್ಲೇ ನಡೆದು ಹೋದರು, ಅದರತ್ತ ನೋಡದೆ. ದೊಡ್ಡಪ್ಪ ಅವರನ್ನೇ ನೋಡುತ್ತಿದ್ದರು. ಮರುವರ್ಷದ ಫೈನಲ್ ಎಲ್ಲಿ ಎಂದು ಕೇಳಿದರು, ಹಂಗೇರಿಯ ಬುಡಾಪೆಸ್ಟ್ ಎಂದೆ. ಹೊತ್ತಿನ ವಿಷಯ ಆಗ ನನಗೂ ತಿಳಿದಿರಲಿಲ್ಲ. 2026ರಿಂದ ಫೈನಲ್ ಅನ್ನು ಅಲ್ಲಿನ ಸಂಜೆ ಆರಕ್ಕೇ ಶುರು ಮಾಡುವುದಾಗಿ ಯುರೋಪಿನ ಫುಟ್‌ಬಾಲ್ ಒಕ್ಕೂಟ ಕೆಲವು ತಿಂಗಳ ಬಳಿಕ ಪ್ರಕಟಿಸಿತು. ನಮಗೆ ಅದು ರಾತ್ರಿ ಒಂಬತ್ತೂವರೆ. ಊಟ ಮುಗಿಸಿ, ಮಂಡಕ್ಕಿ ಮೆಣಸಿನಕಾಯಿ ಹಿಡಿದು ಕುಳಿತರೆ ಹನ್ನೊಂದೂವರೆಗೆ ತೀರ್ಮಾನ. ಪೆನಾಲ್ಟಿಯವರೆಗೆ ಎಳೆದರೆ ಹನ್ನೆರಡೂ ಕಾಲು. ಇದನ್ನು ಹೇಳಿದಾಗ ದೊಡ್ಡಪ್ಪ, ‘ಹಾಗಾದರೆ ಗರಡಿಯ ಹುಡುಗರನ್ನೂ ಕರೆಯೋಣ’ ಎಂದರು.